ಅಂಗೈ ಮುಚ್ಚಿದ ಅರ್ಧ ಪರದೆ

ಆ ಡಾಕ್ಟರಮ್ಮನ ಎಡಗೈ ಉಗುರುಗಳಲ್ಲಿ ಸದಾ ಅರ್ಧ ಮಾಸಿದ ಮೆಹಂದಿ ಇರುತ್ತಿತ್ತು. ನನ್ನ ಮಿದುಳಿನ ಚಿತ್ರ ಕಂಪ್ಯೂಟರಿಗೆ ಬಂದ ಕೂಡಲೇ ಆ ಅಂಗೈಯಿಂದ ಪರದೆಯ ಬಲಭಾಗ ಮುಚ್ಚುತ್ತಿದ್ದರು. ಅಲ್ಲಿ ಕೃತಕ ಬುದ್ಧಿಮತ್ತೆ ಹೋದ ವರ್ಷದ ಸ್ಕ್ಯಾನಿನೊಂದಿಗೆ ಹೋಲಿಸಿ, ಹೊಸ ಕಲೆಗಳಿಗೆ ಕೆಂಪು ಬಣ್ಣ ಹಚ್ಚಿಟ್ಟಿರುತ್ತಿತ್ತು.

"ಅದು ಹೇಳಿದ್ದು ಮೊದಲು ನೋಡಿಬಿಟ್ರ ನನ್ನ ಕಣ್ಣಿಗೂ ಅದೇ ಕಾಣ್ತದ. ಮೊದಲು ನಾ ನೋಡ್ತೀನಿ, ಆಮ್ಯಾಲ ಅದು," ಎನ್ನುತ್ತಿದ್ದರು.

ನನಗಿರುವುದು ಮಲ್ಟಿಪಲ್ ಸ್ಕ್ಲೆರೋಸಿಸ್. ದೇಹದ ರೋಗನಿರೋಧಕ ಶಕ್ತಿಯೇ ತಿರುಗಿಬಿದ್ದು ನರಗಳ ಹೊದಿಕೆಯನ್ನು ಕೆಡಿಸುವ ಕಾಯಿಲೆ. ಹೊಸ ಕಲೆ ಕಂಡರೆ ಔಷಧ ಸಾಲುತ್ತಿಲ್ಲವೆಂದು ಅರ್ಥ. ತಡಮಾಡಿದರೆ ಕಾಲೇ ಸೋಲಬಹುದು. ನಾನೋ ವಾಡಿಯ ಶಾಲೆಯಲ್ಲಿ ದಿನವಿಡೀ ನಿಂತು ಪಾಠ ಮಾಡುವವಳು. ಸ್ಕ್ಯಾನಿನ ದಿನ ಕಲಬುರಗಿಯ ರೈಲಿನಲ್ಲಿ ಕುಳಿತರೆ ಜೀವದಲ್ಲಿ ಜೀವ ಇರುತ್ತಿರಲಿಲ್ಲ.

ಶಹಾಬಾದಿನಲ್ಲಿ ಅವರೂ ಅದೇ ಗಾಡಿ ಹತ್ತುತ್ತಿದ್ದರು. ಸ್ಕ್ಯಾನ್ ಓದುವ ಡಾಕ್ಟರ್, ಆದರೆ ಎಲ್ಲರ ಬಾಯಲ್ಲೂ ಆಪಾ, ಅಂದರೆ ಅಕ್ಕ. ಡಬ್ಬಿ ಬಿಚ್ಚಿ ಬಲವಂತದಿಂದ ಮಂಡಕ್ಕಿಯ ಸುಸಲಾ ತಿನ್ನಿಸುವರು, ಅದಕ್ಕೆ ಹಾಕಿದ ಪುಠಾಣಿ, ಅಂದರೆ ಹುರಿಗಡಲೆ, ಹಿಟ್ಟು ಹೆಚ್ಚಾಯಿತೇ ಎಂದು ವಿಚಾರಿಸುವರು, ನನ್ನ ಕಾಲಿನ ಜೋಮಿನ ಬಗ್ಗೆ ಮಾತ್ರ ಚಕಾರ ಎತ್ತುತ್ತಿರಲಿಲ್ಲ. ರೈಲಿನಲ್ಲಿ ನಾನು ಪೇಷಂಟ್ ಅಲ್ಲವಂತೆ!

ಒಂದು ವರ್ಷ ಅವರು ಬಹಳ ಹೊತ್ತು ನೋಡಿ, ಹೊಸದೇನೂ ಇಲ್ಲ ಎಂದರು. ಎದೆ ಹಗುರಾಗಿ ನಾನು ಎದ್ದೇ ನಿಂತಿದ್ದೆ. ಆಗ ಅವರು ಅಂಗೈ ತೆಗೆದರು. ಎರಡು ಕೆಂಪು ಚುಕ್ಕೆ.

ಒಂದು ಬರೀ ರಕ್ತನಾಳ, ಕಂಪ್ಯೂಟರ್ ತಪ್ಪು ತಿಳಿದಿದೆ ಎಂದರು. ಇನ್ನೊಂದನ್ನು ದೊಡ್ಡದು ಮಾಡಿದರು. ಚಿತ್ರಗಳನ್ನು ಹಿಂದೆ ಮುಂದೆ ಸರಿಸಿದರು. ಅದನ್ನೂ ತಪ್ಪೆನ್ನಲಿ ಎಂದು ಮನಸ್ಸಿನಲ್ಲೇ ಹರಕೆ ಹೊತ್ತೆ. ಅವರು ಹಾಗೆಂದಿದ್ದರೆ ನಂಬಿಬಿಡುತ್ತಿದ್ದೆ.

"ಇದು ಖರೇ ಅದ, ಬೇಟಿ. ನನ್ನ ಕಣ್ಣು ತಪ್ಪಿಸಿತ್ತು, ಕಂಪ್ಯೂಟರ್ ಹಿಡೀತು. ಔಷಧ ಬದಲಿ ಮಾಡಲೇಬೇಕು."

ಹಿಂತಿರುಗುವ ಗಾಡಿಯಲ್ಲಿ ಅಂದು ಅವರು ತಮ್ಮ ನಿಯಮ ಮುರಿದರು. ಬೇಡವೆಂದರೂ ಕೇಳದೆ ನನ್ನ ಕಾಲುಗಳನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು, ಶಹಾಬಾದ್ ಬರುವವರೆಗೂ ಒತ್ತಿದರು.

ಔಷಧ ಬದಲಾಯಿತು. ಇಂದಿಗೂ ನಿಂತೇ ಪಾಠ ಮಾಡುತ್ತಿದ್ದೇನೆ. ಕಳೆದ ರಂಜಾನ್ ಮುಗಿದ ಮೇಲೆ ಆಪಾ ಹೃದಯಾಘಾತದಿಂದ ತೀರಿಕೊಂಡರು.

ಈ ಸಲ ಅವರ ಕುರ್ಚಿಯಲ್ಲಿ ಹೊಸ ಡಾಕ್ಟರ್ ಇದ್ದರು. ಚಿತ್ರ ಪರದೆಗೆ ಬಂತು. ನಾನು ಎದ್ದುಹೋಗಿ ಅದರ ಬಲಭಾಗಕ್ಕೆ ಅಂಗೈ ಅಡ್ಡವಿಟ್ಟೆ.

"ಮೊದಲು ನೀವು ನೋಡ್ರಿ, ಸರ್," ಎಂದೆ.

ಅವರು ನೋಡಿ ಮುಗಿಸುವವರೆಗೆ ಅಂಗೈ ತೆಗೆಯಲಿಲ್ಲ.