ಒಂದ್ಸಾಲಕ್ಕ ಗೆರೆ ಎಳೆದ ಸಾಲುಗಳು

ನೀರು ಸರಬರಾಜು ಕಚೇರಿಯ ಎರಡನೇ ಮಹಡಿಯಲ್ಲಿ, ಕಿಟಕಿ ಪಕ್ಕದ ಮೇಜಿನ ಮೇಲೆ ದಿನಾ ಬೆಳಿಗ್ಗೆ ಹತ್ತಕ್ಕೆ ಒಂದು ಕಟ್ಟು ಪತ್ರ ಬಂದು ಬೀಳುತ್ತದೆ. ಅರವತ್ತು, ಕೆಲವೊಮ್ಮೆ ಎಂಬತ್ತು. ನಲ್ಲಿಯಲ್ಲಿ ನೀರಿಲ್ಲ, ಮೀಟರ್ ತಿರುಗುತ್ತಿಲ್ಲ, ಪಕ್ಕದ ಮನೆಯವರು ಮೋಟಾರು ಹಾಕಿ ಎಳೆಯುತ್ತಿದ್ದಾರೆ. ಆ ಮೇಜಿನವಳ ಕೆಲಸ ಒಂದೊಂದು ಪತ್ರವನ್ನೂ ಓದಿ, ದಪ್ಪ ರಿಜಿಸ್ಟರಿನ ಮೂರನೇ ಕಾಲಮ್ಮಿನಲ್ಲಿ ಅದರ ಸಾರವನ್ನು ಬರೆಯುವುದು. ಕಾಲಮ್ಮಿನಲ್ಲಿ ಒಂದು ಸಾಲಿಗಷ್ಟೇ ಜಾಗ. ಹತ್ತೊಂಬತ್ತು ವರ್ಷಗಳಿಂದ ಆಕೆ ಅದನ್ನೇ ಮಾಡುತ್ತಿದ್ದಾಳೆ. ಕಚೇರಿಯಲ್ಲಿ ಆಕೆಯ ಹೆಸರು ಒಂದ್ಸಾಲಕ್ಕ. ಸಂಬಳದ ಪಟ್ಟಿಯಲ್ಲಿ ಬೇರೆ ಹೆಸರಿದೆ, ಅದನ್ನು ಕರೆದರೆ ಆಕೆಗೇ ತಕ್ಷಣ ಹೊಳೆಯುವುದಿಲ್ಲ.

ಕೆಲಸಕ್ಕೆ ಸೇರಿದ ದಿನ ಆಗಿನ ಹೆಡ್ ಗುಮಾಸ್ತರು ಒಂದು ನೀಲಿ ಪೆನ್ಸಿಲ್ ಕೈಗಿಟ್ಟು ಪಾಠ ಹೇಳಿದ್ದರು. "ಪತ್ರ ಅಂದ್ರೆ ಮೀನಿದ್ದ ಹಾಗೆ ಕಣಮ್ಮ. ಮೊದಲು ತಲೆ ತೆಗಿ, ಆಮೇಲೆ ಬಾಲ ತೆಗಿ. ಮಧ್ಯ ಉಳಿದದ್ದು ನಮ್ಮದು." ತಲೆಯೆಂದರೆ ಮೊದಲ ಪ್ಯಾರಾ. ಅದರಲ್ಲಿ ನಮಸ್ಕಾರ, ಕ್ಷೇಮಸಮಾಚಾರ, ಪೀಠಿಕೆ. ಬಾಲವೆಂದರೆ ಕೊನೆಯ ಪ್ಯಾರಾ. ಅದರಲ್ಲಿ ಬೇಡಿಕೊಳ್ಳುವುದು, ಹೊಗಳುವುದು, ಅಪರೂಪಕ್ಕೆ ಬೆದರಿಸುವುದು. ಎರಡರ ಮೇಲೂ ಓರೆಯಾಗಿ ಒಂದೊಂದು ಗೆರೆ ಎಳೆದುಬಿಟ್ಟರೆ ಅಸಲು ಸಂಗತಿ ತಾನಾಗಿ ಎದ್ದು ಕಾಣುತ್ತದೆ. ಒಂದು ಪತ್ರಕ್ಕೆ ಎರಡು ನಿಮಿಷ. ಇಡೀ ಮಹಡಿಯಲ್ಲಿ ಆಕೆಯಷ್ಟು ಬೇಗ, ಆಕೆಯಷ್ಟು ತಪ್ಪಿಲ್ಲದೆ ಆ ಕೆಲಸ ಮಾಡುವವರು ಇನ್ನೊಬ್ಬರಿರಲಿಲ್ಲ.

ಹತ್ತೊಂಬತ್ತನೇ ವಯಸ್ಸಿನಲ್ಲಿ ಅರ್ಧಕ್ಕೆ ಬಿಟ್ಟ ಓದನ್ನು ನಲವತ್ತೊಂದರಲ್ಲಿ ಮತ್ತೆ ಹಿಡಿದಾಗ ಆಕೆಗೆ ಓದುವುದರ ಬಗ್ಗೆ ಅಂಜಿಕೆಯೇನೂ ಇರಲಿಲ್ಲ. ದಿನಾ ಓದುವುದೇ ತನ್ನ ಕಸುಬಲ್ಲವೇ? ಕಚೇರಿ ಮುಗಿಸಿ, ಎರಡು ಬೀದಿ ದಾಟಿ, ಆರು ಗಂಟೆಗೆ ಸಂಜೆ ಕಾಲೇಜಿನ ಬೆಂಚಿನ ಮೇಲೆ ಕೂರುತ್ತಿದ್ದಳು. ಒಂದು ಪಕ್ಕ ಟ್ಯಾಕ್ಸಿ ಚಾಲಕ, ಇನ್ನೊಂದು ಪಕ್ಕ ಆಸ್ಪತ್ರೆಯ ನರ್ಸ್. ನಾಲ್ಕು ವರ್ಷದಲ್ಲಿ ಹದಿನೇಳು ಪೇಪರು ಪಾಸಾದವು. ಹದಿನೆಂಟನೆಯದು ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿತು.

ಆ ಪೇಪರಿನ ಹೆಸರು ಭಾಷಣ ವಿಶ್ಲೇಷಣೆ. ಯಾರೋ ಮಾಡಿದ ಒಂದು ಭಾಷಣವನ್ನೋ ಬರೆದ ಒಂದು ಪತ್ರವನ್ನೋ ಕೊಡುತ್ತಾರೆ. ಅದರಲ್ಲಿ ಏನು ಹೇಳಿದೆ ಎಂದು ಬರೆಯುವ ಹಾಗಿಲ್ಲ, ಅದು ಸರಿಯೋ ತಪ್ಪೋ ಎಂದು ವಾದಿಸುವ ಹಾಗೂ ಇಲ್ಲ. ಹೇಳಿದವರು ಎದುರಿಗಿದ್ದವರ ಮನಸ್ಸನ್ನು ಹೇಗೆ ತಿರುಗಿಸಿದರು, ಯಾವ ಮಾತನ್ನು ಮೊದಲಿಟ್ಟರು, ಯಾವುದನ್ನು ಹೇಳದೇ ಬಿಟ್ಟರು, ಯಾಕೆ ಎಂದು ಬಿಡಿಸಿ ಬರೆಯಬೇಕು. ಐವತ್ತು ಅಂಕಕ್ಕೆ ಮೊದಲ ಸಲ ಆಕೆಗೆ ಬಂದದ್ದು ಹನ್ನೆರಡು. ಎರಡನೇ ಸಲ ಹನ್ನೊಂದು. ಪಾಸಾಗಲು ಇಪ್ಪತ್ತು ಬೇಕು. ಮೂರನೇ ಸಲವೂ ತಪ್ಪಿದರೆ ಉಳಿದ ಹದಿನೇಳೂ ನೀರಿಗೆ ಹೋದಂತೆ. ಕಾಲೇಜಿನ ನಿಯಮ ಹಾಗಿತ್ತು.

ಕಲಿಸುತ್ತಿದ್ದ ಮೇಡಂಗೆ ಇಪ್ಪತ್ತೇಳು ವರ್ಷ. ವಿದ್ಯಾರ್ಥಿಗಳಲ್ಲಿ ಮುಕ್ಕಾಲು ಪಾಲು ಜನ ಅವರಿಗಿಂತ ದೊಡ್ಡವರು. ಉತ್ತರಪತ್ರಿಕೆಯ ಅಂಚಿನಲ್ಲಿ ಅವರು ಬರೆಯುತ್ತಿದ್ದದ್ದು ಒಂದೇ ಪದ, "ಯಾಕೆ?". ಟ್ಯಾಕ್ಸಿ ಚಾಲಕ ಅವರಿಗೆ ಯಾಕೆ ಮೇಡಂ ಎಂದೇ ಹೆಸರಿಟ್ಟಿದ್ದ.

ಎರಡನೇ ಸಲ ಫೇಲಾದ ಪತ್ರಿಕೆಯನ್ನು ಮೇಡಂ ಎದುರಿಗೆ ಹರಡಿಕೊಂಡು ಕೂತರು. ಅದರಲ್ಲಿದ್ದದ್ದು ದೋಣಿ ನಡೆಸುವವರ ಮುಂದೆ ಒಬ್ಬ ಎಂಜಿನಿಯರ್ ಮಾಡಿದ ಭಾಷಣ. ನದಿಗೆ ಸೇತುವೆ ಕಟ್ಟಲು ನೀವೆಲ್ಲ ಒಪ್ಪಬೇಕು ಎಂಬುದು ವಿಷಯ.

"ನೀವು ಬರೆದಿರೋದು ನೋಡಿ. 'ಎಂಜಿನಿಯರ್ ಸೇತುವೆಗೆ ಒಪ್ಪಿಗೆ ಕೇಳುತ್ತಾರೆ. ಸೇತುವೆಯಿಂದ ಮೂರು ಲಾಭಗಳಿವೆ.' ಮುಗೀತು. ಅವರು ಶುರುವಿನಲ್ಲಿ ತಮ್ಮಜ್ಜನ ಕಥೆ ಹೇಳ್ತಾರಲ್ಲ, ಅದು ಎಲ್ಲಿ ಹೋಯ್ತು?"

"ಯಾವ ಅಜ್ಜ?" ಎಂದಳು ಒಂದ್ಸಾಲಕ್ಕ.

ಮೇಡಂ ಪ್ರಶ್ನೆಪತ್ರಿಕೆ ತಿರುಗಿಸಿ ತೋರಿಸಿದರು. ನನ್ನಜ್ಜನ ಕೈಗೆ ಪೆಟ್ಟಾಗಿದ್ದ ದಿನ, ಪ್ರವಾಹದಲ್ಲಿ ಅವರನ್ನು ಆಚೆ ದಡಕ್ಕೆ ದಾಟಿಸಿದ್ದು ನಿಮ್ಮಜ್ಜಂದಿರೇ ಎಂದು ಎಂಜಿನಿಯರ್ ಮೊದಲ ಪ್ಯಾರಾದಲ್ಲೇ ಹೇಳಿದ್ದರು. ಒಂದ್ಸಾಲಕ್ಕ ಅದನ್ನು ಓದಿಯೇ ಇರಲಿಲ್ಲ. ಹಾಗೆಂದು ಹೇಳಿಕೊಳ್ಳಲು ನಾಚಿಕೆಯಾಗಿ, "ಮರೆತೆ ಮೇಡಂ" ಎಂದು ತಲೆ ತಗ್ಗಿಸಿದಳು.

ಮೇಡಂ ಅದನ್ನು ಅಲ್ಲಿಗೇ ಬಿಟ್ಟರು. ಅದಾಗಿ ಹತ್ತು ದಿನಕ್ಕೆ ಅವರ ಬಾಡಿಗೆ ಮನೆಯಲ್ಲಿ ನೀರು ನಿಂತಿತು. ದೂರು ಬರೆದುಕೊಂಡು ಅವರು ಕಚೇರಿಗೆ ಬಂದರೆ ಎರಡನೇ ಮಹಡಿಯ ಕಿಟಕಿ ಪಕ್ಕದಲ್ಲಿ ಕೂತಿದ್ದದ್ದು ತಮ್ಮದೇ ವಿದ್ಯಾರ್ಥಿನಿ.

"ಅಯ್ಯೋ, ಮೇಡಂ! ಕೂತ್ಕೊಳ್ಳಿ, ಕೂತ್ಕೊಳ್ಳಿ. ಕೊಡಿ ಇಲ್ಲಿ, ಈಗಲೇ ರಿಜಿಸ್ಟರಿಗೆ ಹತ್ತಿಸ್ತೀನಿ."

ಅಭ್ಯಾಸಬಲ. ಪತ್ರ ಕೈಗೆ ಬಂದದ್ದೇ ತಡ, ನೀಲಿ ಪೆನ್ಸಿಲ್ ಮೊದಲ ಪ್ಯಾರಾದ ಮೇಲೊಮ್ಮೆ, ಕೊನೆಯ ಪ್ಯಾರಾದ ಮೇಲೊಮ್ಮೆ ಸರ್ರನೆ ಓಡಿತು. ರಿಜಿಸ್ಟರಿನಲ್ಲಿ "ಆರು ದಿನದಿಂದ ನೀರಿಲ್ಲ" ಎಂದು ಬಿತ್ತು. ಮೇಡಂ ಬಿಟ್ಟ ಬಾಯಿ ಮುಚ್ಚಲಿಲ್ಲ.

"ನಾನು ಒಂದು ಗಂಟೆ ಕೂತು ಬರೆದಿದ್ದು ಕಣ್ರೀ ಅದು!"

"ಚೆನ್ನಾಗೇ ಇದೆ ಮೇಡಂ. ಆದ್ರೆ ನಮಗೆ ಬೇಕಾದ್ದು ಮಧ್ಯದ್ದು."

"ಎಲ್ಲ ಪತ್ರಕ್ಕೂ ಹೀಗೇ ಮಾಡ್ತೀರಾ?"

"ಹತ್ತೊಂಬತ್ತು ವರ್ಷದಿಂದ."

ಮೇಡಂ ಗೆರೆ ಬಿದ್ದ ತಮ್ಮ ಪತ್ರವನ್ನು ತಿರುಗಿಸಿ ನೋಡಿದರು. ಆಮೇಲೆ ನಕ್ಕರು. ಪಕ್ಕದ ಮೇಜಿನ ಮೀಟರ್ ಗುಮಾಸ್ತ ಕತ್ತೆತ್ತಿ ನೋಡುವಷ್ಟು ಜೋರಾಗಿ ನಕ್ಕರು. "ನಿಮಗೆ ತಲೆಗೆ ಹತ್ತಲ್ಲ ಅಂದ್ಕೊಂಡಿದ್ದೆ. ತಪ್ಪಾಯ್ತು. ನಿಮಗೆ ಇನ್ನೊಂದು ವಿದ್ಯೆ ತೀರಾ ಚೆನ್ನಾಗಿ ಹತ್ತಿಬಿಟ್ಟಿದೆ. ನೀವು ಗೆರೆ ಎಳೆದು ಬಿಸಾಕ್ತೀರಲ್ಲ, ನನ್ನ ಪೇಪರಿಗೆ ಬೇಕಾದ್ದು ಅದೇ. ನಾಳೆಯಿಂದ ಊಟದ ಹೊತ್ತಿನಲ್ಲಿ ಗೆರೆ ಎಳೆದ ಸಾಲುಗಳನ್ನ ಮಾತ್ರ ಓದಿ. ಈ ಮನುಷ್ಯ ಇಲ್ಲಿಂದ ಯಾಕೆ ಶುರು ಮಾಡಿದ ಅಂತ ನಿಮ್ಮನ್ನೇ ಕೇಳ್ಕೊಳ್ಳಿ."

ಹತ್ತೊಂಬತ್ತು ವರ್ಷದ ಕಸುಬನ್ನು ಯಾರಾದರೂ ತಪ್ಪೆಂದಿದ್ದರೆ ಆಕೆಗೆ ಸಿಟ್ಟು ಬರುತ್ತಿತ್ತು. ಇವರು ವಿದ್ಯೆ ಎಂದರು. ಆ ದಿನ ಮನೆಗೆ ನಡೆದು ಹೋಗುವಾಗ ಆಕೆಗೆ ಹೆಜ್ಜೆ ಹಗುರವೆನಿಸಿತು.

ಮೊದಲ ಪಾಠ ಸಿಕ್ಕಿದ್ದು ಮಾತ್ರ ಪತ್ರದಲ್ಲಲ್ಲ, ಮನೆಯಲ್ಲಿ. ಅತ್ತೆಗೆ ಎಪ್ಪತ್ತಾರು. ಮೊದಲು ಟೈಲರಾಗಿದ್ದವರು, ಈಗಲೂ ಕತ್ತರಿಯಂಥ ಮಾತು. ಗಂಡ ಲಿಫ್ಟ್ ರಿಪೇರಿ ಮಾಡುವವನು. ಕೆಲಸ ಮುಗಿಸಿ ಬಂದು ಬೂಟು ಬಿಚ್ಚುತ್ತಿದ್ದ ಮಗನ ಎದುರು ಅತ್ತೆ ಬಂದು ಕೂತರು.

"ನನಗೇನೂ ಬೇಡಪ್ಪ" ಎಂದು ಶುರು ಮಾಡಿದರು. "ನನ್ನ ಕಣ್ಣು ಇನ್ನೆಷ್ಟು ದಿನ? ಪಾಪ, ನಿನಗೇ ನೂರೆಂಟು ಕೆಲಸ. ಮೊನ್ನೆ ನಿನ್ನ ಅಂಗಿಗೆ ಗುಂಡಿ ಹಾಕೋವಾಗ ಸೂಜಿ ಬೆರಳಿಗೆ ಹೋಯ್ತು. ಇರಲಿ ಬಿಡು, ಗುಂಡಿ ಸರಿಯಾಗಿ ಕೂತಿದೆ ತಾನೇ?"

ಗಂಡ ಒಂದು ಬೂಟು ಕಾಲಲ್ಲಿರುವಂತೆಯೇ, "ನಾಳೆ ಕನ್ನಡಕದ ಅಂಗಡಿಗೆ ಹೋಗೋಣಮ್ಮ" ಎಂದ.

ಅಡುಗೆಮನೆ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದ ಸೊಸೆ ಹಾಗೇ ನಿಂತುಬಿಟ್ಟಳು. ಕನ್ನಡಕ ಎಂಬ ಪದವನ್ನೇ ಅತ್ತೆ ಎತ್ತಿರಲಿಲ್ಲ! ಬೇಡ ಎಂದು ಹೇಳಿ, ಅವನ ಮೇಲೆ ಕನಿಕರ ತೋರಿಸಿ, ತನಗಾದ ನೋವನ್ನು ಅವನದೇ ಅಂಗಿಗೆ ಪೋಣಿಸಿ, ಕೊನೆಗೆ ಗುಂಡಿಯ ಬಗ್ಗೆ ವಿಚಾರಿಸಿದ್ದರು. ರಿಜಿಸ್ಟರಿನಲ್ಲಾದರೆ ತಾನು ಇದನ್ನು "ಕನ್ನಡಕ ಕೋರಿಕೆ" ಎಂದು ಬರೆದು ಮುಂದೆ ಹೋಗುತ್ತಿದ್ದೆ ಎನಿಸಿತು.

"ಅತ್ತೆ, ಸೂಜಿ ನಿಜವಾಗ್ಲೂ ಚುಚ್ಚಿತ್ತಾ?" ಎಂದು ಆಮೇಲೆ ಮೆಲ್ಲಗೆ ಕೇಳಿದಳು.

"ಚುಚ್ಚದೇ ಹೇಳ್ತೀನಾ? ಚುಚ್ಚಿದ್ದು ಹೋದ ವರ್ಷ, ಅಷ್ಟೇ. ನಿನ್ನ ಕಾಲೇಜಲ್ಲಿ ಇದನ್ನೇ ಕಲಿಸೋದಾದ್ರೆ ನಾಲ್ಕು ವರ್ಷ ಯಾಕೆ ಅಲ್ಲಿಗೆ ಅಲೀತಿದ್ದೆ? ನನ್ನ ಪಕ್ಕ ಕೂತಿದ್ರೆ ಸಾಕಿತ್ತು."

ಮಾರನೇ ದಿನದಿಂದ ಒಂದ್ಸಾಲಕ್ಕ ಊಟದ ಡಬ್ಬಿಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ಪತ್ರಗಳನ್ನು ತಿರುವತೊಡಗಿದಳು. ಒಬ್ಬ ಮೇಷ್ಟ್ರು ತಮ್ಮ ಪದವಿಗಳ ಪಟ್ಟಿಯಿಂದ ಶುರು ಮಾಡಿದ್ದರು. ಬಾಣಂತಿಯೊಬ್ಬಳು ಮಗುವಿನ ತೂಕದಿಂದ. ಎರಡೂ ಮನೆಯ ನಲ್ಲಿಯಲ್ಲಿ ನೀರಿರಲಿಲ್ಲ. ಆದರೆ ಒಬ್ಬರು ಅಧಿಕಾರಿಯೊಂದಿಗೆ ಮಾತಾಡುತ್ತಿದ್ದರು, ಇನ್ನೊಬ್ಬಳು, ಈ ಪತ್ರ ಒಡೆಯುವವಳು ಒಬ್ಬ ತಾಯಿಯಾಗಿರಲಿ ಎಂದು ಆಸೆಪಟ್ಟಿದ್ದಳು.

ಮೂರನೇ ವಾರ ಗಡಿಯಾರ ರಿಪೇರಿ ಮಾಡುವ ಮುದುಕರೊಬ್ಬರ ಪತ್ರ ಬಂತು. ಅಂಗಡಿ ಮುಂದಿನ ಪೈಪು ಸೋರುತ್ತಿತ್ತು. ಮೊದಲ ಪ್ಯಾರಾ ಹೀಗಿತ್ತು: "ನನ್ನ ಹಿಂದಿನ ಪತ್ರಗಳನ್ನು ತಾವು ಗಮನವಿಟ್ಟು ಓದಿದ್ದೀರಿ ಎಂದು ಬಲ್ಲೆ. ಅದಕ್ಕಾಗಿ ಋಣಿಯಾಗಿದ್ದೇನೆ." ಕೊನೆಯದು: "ಕೆಲಸವಾದ ದಿನ ನಾನೇ ಬಂದು ಕೃತಜ್ಞತೆ ಹೇಳಬೇಕು. ಮೊಣಕಾಲು ಮೆಟ್ಟಿಲಿಗೆ ಒಪ್ಪುವುದಿಲ್ಲ. ತಾವು ದಯವಿಟ್ಟು ಒಂದು ನಿಮಿಷ ಕೆಳಗಿಳಿದು ಬರಬೇಕಾದೀತು."

ಹಿಂದಿನ ಪತ್ರಗಳು? ಒಂದ್ಸಾಲಕ್ಕ ಹಳೆಯ ರಿಜಿಸ್ಟರುಗಳನ್ನು ತೆಗೆದು ನೋಡಿದಳು. ಆರು ಸಲ, ತನ್ನದೇ ಕೈಬರಹದಲ್ಲಿ, "ಪೈಪು ಸೋರಿಕೆ, ಅಡ್ಡರಸ್ತೆ". ಆರಕ್ಕೂ ಉತ್ತರ ಹೋಗಿರಲಿಲ್ಲ. ಅದು ಆ ಮುದುಕರಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಋಣಿ ಎಂದಿದ್ದರು. ಬೈದಿದ್ದರೆ ಓದುವವರು ಕಿವಿ ಮುಚ್ಚಿಕೊಳ್ಳುತ್ತಿದ್ದರು. ಧನ್ಯವಾದವನ್ನು ಮುಂಗಡವಾಗಿ ಕೊಟ್ಟವರ ಎದುರು ಮುಖ ಎಲ್ಲಿ ಬಚ್ಚಿಡುವುದು?

ಅಂದು ಆಕೆಗೆ ಊಟ ಸೇರಲಿಲ್ಲ. ಪತ್ರ ಹಿಡಿದು ತಮ್ಮ ಕಚೇರಿಯ ಎಂಜಿನಿಯರ್ ಕೋಣೆಗೆ ಹೋಗಿ, ಗೆರೆ ಎಳೆಯದ ಆ ಎರಡು ಪ್ಯಾರಾಗಳನ್ನು ಗಟ್ಟಿಯಾಗಿ ಓದಿದಳು. ಹತ್ತೊಂಬತ್ತು ವರ್ಷದಲ್ಲಿ ಆಕೆ ಯಾವ ಪತ್ರವನ್ನೂ ಯಾರಿಗೂ ಓದಿ ಹೇಳಿದ್ದಿಲ್ಲ. ಎಂಜಿನಿಯರ್ ತಲೆ ಕೆರೆದುಕೊಂಡು, "ಏಳನೇ ಸಲವಾ?" ಎಂದು ಕೇಳಿ, ಫೋನೆತ್ತಿದರು.

ಗುರುವಾರ ಪೈಪು ಸರಿಯಾಯಿತು. ಶುಕ್ರವಾರ ಕಾವಲುಗಾರ ಮೇಲೆ ಬಂದು, "ಅಕ್ಕ, ಕೆಳಗೆ ಯಾರೋ ಅಜ್ಜ ಬಂದು ನಿಂತವ್ರೆ. ಪತ್ರ ಓದೋರು ಬೇಕಂತೆ" ಎಂದ. ಒಂದ್ಸಾಲಕ್ಕ ಮೆಟ್ಟಿಲಿಳಿದು ಹೋದಳು. ಮುದುಕರು ಕೈ ಮುಗಿದರು. ಆಕೆಗೆ ಕ್ಷಮೆ ಕೇಳಬೇಕಿತ್ತು. ಕೊನೆಗೆ, "ನಿಮ್ಮ ಪತ್ರದಿಂದ ನಾನು ಒಂದು ವಿಷಯ ಕಲಿತೆ ಅಜ್ಜಾ" ಎಂದಷ್ಟೇ ಹೇಳಿದಳು.

"ಪತ್ರದಿಂದ್ಲಾ? ಅದನ್ನ ಬರೆಯೋಕೆ ನನಗೆ ಏಳು ಸಲ ಬೇಕಾಯ್ತಮ್ಮ. ಮೊದಲ ಆರರಲ್ಲಿ ಚೆನ್ನಾಗಿ ಬೈದಿದ್ದೆ" ಎಂದು ಅವರು ನಕ್ಕರು.

ಆ ಬೈಗುಳಗಳ ಮೇಲೆಲ್ಲ ತಾನು ನೀಲಿ ಗೆರೆ ಎಳೆದಿದ್ದೆ ಎಂದು ಹೇಳಲು ಆಕೆಗೆ ಧೈರ್ಯವಾಗಲಿಲ್ಲ.

ಪರೀಕ್ಷೆ ಒಂದು ಭಾನುವಾರ ಬೆಳಿಗ್ಗೆ. ಕೊಟ್ಟಿದ್ದದ್ದು, ಗ್ರಂಥಾಲಯವೊಂದನ್ನು ಮುಚ್ಚಬೇಡಿ ಎಂದು ಅಲ್ಲಿನ ಕಾವಲುಗಾರ ಸಮಿತಿಯ ಮುಂದೆ ಆಡಿದ ಮಾತು. ಪರೀಕ್ಷೆಯ ಕೋಣೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೇನಿಲ್ಲ. ಪ್ರಶ್ನೆಪತ್ರಿಕೆ ಕೈಗೆ ಬರುತ್ತಲೇ ಪೆನ್ನು ಮೊದಲ ಪ್ಯಾರಾದ ಮೇಲೆ ಅರ್ಧ ಗೆರೆ ಎಳೆದೂ ಆಗಿತ್ತು. ಪೆನ್ನನ್ನು ಕೆಳಗಿಟ್ಟು, ಎರಡೂ ಕೈಯನ್ನು ತೊಡೆಯ ಕೆಳಗೆ ಸೇರಿಸಿ, ಅದರ ಮೇಲೇ ಕೂತು ಓದಿದಳು. ಪಕ್ಕದ ಸಾಲಿನಿಂದ ಟ್ಯಾಕ್ಸಿ ಚಾಲಕ ವಿಚಿತ್ರವಾಗಿ ನೋಡಿದ.

"ನನಗೆ ಓದಲು ಬರುವುದಿಲ್ಲ" ಎಂದು ಕಾವಲುಗಾರ ಶುರು ಮಾಡಿದ್ದ.

ಒಂದ್ಸಾಲಕ್ಕ ಆ ಒಂದು ವಾಕ್ಯದ ಬಗ್ಗೆಯೇ ಒಂದೂವರೆ ಪುಟ ಬರೆದಳು. ಓದಲು ಬಾರದವನು ಪುಸ್ತಕಗಳಿಗಾಗಿ ಬೇಡಿದರೆ ಅದು ತನಗಾಗಿ ಅಲ್ಲ ಎಂಬುದನ್ನು ಅವನು ಹೇಳಬೇಕಾಗಿಲ್ಲ, ಸಮಿತಿಗೆ ತಾನಾಗಿ ಹೊಳೆಯುತ್ತದೆ. ತಾವಾಗಿ ಕಂಡುಕೊಂಡದ್ದನ್ನು ಜನ ಅಲ್ಲಗಳೆಯುವುದು ಕಷ್ಟ. ಓದಬಲ್ಲ ಸಮಿತಿ ಮುಚ್ಚಲು ಹೊರಟಿದೆ, ಓದಲಾರದವನು ಉಳಿಸಲು ನಿಂತಿದ್ದಾನೆ. ಈ ಹೋಲಿಕೆಯನ್ನು ಅವನು ಬಾಯಿಬಿಟ್ಟು ಹೇಳಿದ್ದರೆ ಅದು ಅವಮಾನವಾಗುತ್ತಿತ್ತು. ಕೊನೆಯಲ್ಲಿ ಅವನು ಬೀಗದ ಕೈಯನ್ನು ಮೇಜಿನ ಮೇಲಿಟ್ಟು, ಯಾರು ಬೀಗ ಹಾಕುತ್ತೀರಿ ಎಂದು ಕೇಳುತ್ತಾನೆ. ಸಮಿತಿಯ ನಿರ್ಧಾರ ಅಲ್ಲಿ ಒಬ್ಬ ಮನುಷ್ಯನ ಕೈಗೆ ಬರುತ್ತದೆ. ಬರೆಯುತ್ತ ಬರೆಯುತ್ತ ಹೆಚ್ಚುವರಿ ಹಾಳೆ ಕೇಳಿದಳು. ಆಮೇಲೆ ಇನ್ನೊಂದು.

ಒಂದು ತಿಂಗಳಿಗೆ ಫಲಿತಾಂಶವನ್ನು ಕಾಲೇಜಿನ ಗೋಡೆಗೆ ಅಂಟಿಸಿದರು. ಮೂವತ್ತಮೂರು. ಆಕೆ ಬೆರಳಿಟ್ಟು ಎರಡು ಸಲ ನೋಡಿದಳು, ನರ್ಸಿನಿಂದ ಇನ್ನೊಂದು ಸಲ ನೋಡಿಸಿದಳು. ಮನೆಗೆ ಫೋನು ಮಾಡಿದರೆ ಎತ್ತಿದ್ದು ಅತ್ತೆ. "ಮೂವತ್ತಮೂರಾ? ಉಳಿದ ಹದಿನೇಳು ನನಗೆ ಬರಬೇಕಾದ್ದು ಬಿಡು" ಎಂದರು.

ಮೇಡಂ ಸಿಬ್ಬಂದಿ ಕೋಣೆಯಲ್ಲಿ ಒಬ್ಬರೇ ಕೂತು ಹೊಸ ತಂಡದ ಹಾಜರಿ ಪುಸ್ತಕಕ್ಕೆ ಗೆರೆ ಹಾಕುತ್ತಿದ್ದರು. ಒಂದ್ಸಾಲಕ್ಕ ಬಾಗಿಲಲ್ಲಿ ನಿಂತಳು. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿಕೊಂಡು ಬಂದಿದ್ದಳು. ಆದರೆ ಈಗ ಯಾವ ಮಾತು ಎತ್ತಿಕೊಂಡರೂ ಅದರ ಹಿಂದಿನ ಉಪಾಯ ಮೊದಲು ಕಣ್ಣಿಗೆ ಬೀಳುತ್ತಿತ್ತು. ಹೊಗಳಿಕೆಯಿಂದ ಶುರು ಮಾಡಿದರೆ ಏನೋ ಕೇಳಲು ಬಂದವಳಂತೆ, ಕಷ್ಟ ಹೇಳಿಕೊಂಡರೆ ಕನಿಕರ ಬಯಸುವವಳಂತೆ.

"ಏನು, ಪತ್ರ ತಂದಿದ್ದೀರಾ?" ಮೇಡಂ ನಗುತ್ತ ಕೇಳಿದರು.

"ಇಲ್ಲ ಮೇಡಂ. ಹೇಗೆ ಶುರು ಮಾಡ್ಬೇಕು ಅಂತ ಗೊತ್ತಾಗ್ತಿಲ್ಲ."

"ನನ್ನಿಂದ ಇನ್ನೇನಾದ್ರೂ ಆಗ್ಬೇಕಿತ್ತಾ?"

"ಏನೂ ಇಲ್ಲ. ಎಲ್ಲ ಆಗಿದೆ."

"ಹಾಗಾದ್ರೆ ಎಲ್ಲಿಂದ ಶುರು ಮಾಡಿದ್ರೂ ಸರಿ."

ಒಂದ್ಸಾಲಕ್ಕ ಒಳಗೆ ಬಂದು, ಮೇಡಂ ಎದುರಿನ ಕುರ್ಚಿ ಎಳೆದು ಕೂತಳು. ತಾನು ಹತ್ತೊಂಬತ್ತನೇ ವಯಸ್ಸಿನಲ್ಲಿ ಕಾಲೇಜು ಬಿಟ್ಟ ದಿನ ತೊಟ್ಟಿದ್ದ ಬಟ್ಟೆಯ ಬಣ್ಣದಿಂದ ಹೇಳತೊಡಗಿದಳು. ಮೇಡಂ ಹಾಜರಿ ಪುಸ್ತಕ ಮುಚ್ಚಿದರು. ಒಮ್ಮೆಯೂ ಯಾಕೆ ಎಂದು ಕೇಳಲಿಲ್ಲ.