ಇಪ್ಪತ್ತನೇ ವರ್ಷದ ಕಥೆ, ಮೂವತ್ತನೇ ವರ್ಷದ ಕಥೆ

ಗುರುವಾರ ಮಧ್ಯಾಹ್ನ ಆಫೀಸಿನಲ್ಲಿ ಊಟದ ಡಬ್ಬಿ ತೆರೆಯುತ್ತಿದ್ದಾಗ ಫೋನಿಗೆ ಪೋಸ್ಟರ್ ಬಂತು. ಭಾನುವಾರ ಬೆಳಿಗ್ಗೆ ಜೆ.ಪಿ. ನಗರದ ಒಂದು ಪುಸ್ತಕದಂಗಡಿಯ ಮಹಡಿಯಲ್ಲಿ ಚರ್ಚೆ. ನಾವು ಕೆಲವರು ಹುಚ್ಚು ಹಿಡಿದವರ ಹಾಗೆ ನೋಡುವ ಒಂದು ವಿದೇಶಿ ವಿಜ್ಞಾನ ಧಾರಾವಾಹಿಯ ವಾರ್ಷಿಕೋತ್ಸವದ ಕಥೆಗಳಲ್ಲಿ ಯಾವುದು ಮೇಲು ಎಂಬುದು ವಿಷಯ. ಇಪ್ಪತ್ತನೇ ವರ್ಷದ ಕಥೆಯ ಪರವಾಗಿ ಮಾತಾಡುವವಳು ನಾನು. ಮೂವತ್ತನೇ ವರ್ಷದ ಕಥೆಯ ಪರವಾಗಿ ಮಾತಾಡುವವರ ಫೋಟೋ ನನ್ನ ಫೋಟೋದ ಪಕ್ಕದಲ್ಲೇ ಇತ್ತು. ಅದು ನನ್ನ ಅಣ್ಣ.

ಅವನ ಜೊತೆ ನಾನು ಮಾತು ಬಿಟ್ಟು ಒಂದು ವರ್ಷದ ಮೇಲಾಗಿತ್ತು. ಚರ್ಚೆ ಏರ್ಪಡಿಸಿದ್ದ ಹುಡುಗಿಗೆ ಇದು ಗೊತ್ತಿರಲಿಲ್ಲ. ನಾವು ಅಣ್ಣ ತಂಗಿ ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ಧಾರಾವಾಹಿಯ ಅಭಿಮಾನಿಗಳ ಒಂದು ಗುಂಪಿನಲ್ಲಿ ನಾವಿಬ್ಬರೂ ಬೇರೆಬೇರೆಯಾಗಿ ಉದ್ದುದ್ದ ಬರೆಯುತ್ತಿದ್ದೆವು, ಅಷ್ಟನ್ನು ನೋಡಿ ಕರೆದಿದ್ದಳು. ಇಬ್ಬರೂ ಐವತ್ತು ದಾಟಿದವರು, ಇಬ್ಬರೂ ಜಗಳಗಂಟರು, ಜೋಡಿ ಚೆನ್ನಾಗಿರುತ್ತದೆ ಎಂದು ಲೆಕ್ಕ ಹಾಕಿರಬೇಕು.

ಧಾರಾವಾಹಿ ನೋಡದವರಿಗೆ ಎರಡು ಮಾತು ಹೇಳಬೇಕು. ಆಕಾಶದ ಕೊನೆಯಂಚಿನಲ್ಲಿ ಒಂದು ನಿಲ್ದಾಣ, ಅದನ್ನು ಕಾಯುವುದಕ್ಕೆ ಒಬ್ಬರು. ಅದನ್ನು ಕಟ್ಟಿ ಮೊದಲು ಕಾದವಳು ಒಬ್ಬ ಹೆಂಗಸು. ಆಮೇಲೆ ಕೆಲವು ವರ್ಷಕ್ಕೊಮ್ಮೆ ಹಳಬರು ಹೋಗಿ ಹೊಸಬರು ಬರುತ್ತಾರೆ, ನಟರು ಬದಲಾಗುತ್ತಾರೆ, ಧಾರಾವಾಹಿ ಮಾತ್ರ ನಿಲ್ಲುವುದಿಲ್ಲ. ಹತ್ತು ವರ್ಷಕ್ಕೊಮ್ಮೆ ವಾರ್ಷಿಕೋತ್ಸವದ ನೆಪದಲ್ಲಿ ಹಳೆಯ ಕಾವಲುಗಾರರನ್ನೆಲ್ಲ ಒಂದೇ ಕಥೆಯಲ್ಲಿ ಸೇರಿಸುತ್ತಾರೆ. ಇಪ್ಪತ್ತು, ಮೂವತ್ತು, ಎರಡು ಕಥೆಗಳಲ್ಲೂ ನಿಲ್ದಾಣ ಅಪಾಯಕ್ಕೆ ಸಿಕ್ಕುತ್ತದೆ. ಎರಡರಲ್ಲೂ ಹಳಬರನ್ನು ಕರೆಯುವವನು ಅದೇ ಒಬ್ಬ ಕಾವಲುಗಾರ, ಆ ಪಾತ್ರವನ್ನು ಬಹಳ ವರ್ಷ ಬಿಡದೆ ಮಾಡಿದ ನಟ. ಇಪ್ಪತ್ತನೇ ವರ್ಷದ ಕಥೆಯಲ್ಲಿ ಅವನು ಚಿಕ್ಕ ನೌಕೆ ಹತ್ತಿ ಒಬ್ಬೊಬ್ಬರ ಮನೆಗೂ ಹೋಗುತ್ತಾನೆ. ಬಾಗಿಲು ತಟ್ಟಿ, ಕೂತು, ಅವರ ಕಷ್ಟಸುಖ ಕೇಳಿ ಕರೆದುಕೊಂಡು ಬರುತ್ತಾನೆ. ಅರ್ಧ ಕಥೆ ತಿರುಗಾಟದಲ್ಲೇ ಮುಗಿಯುತ್ತದೆ. ಮೂವತ್ತನೇ ವರ್ಷದ ಕಥೆಯಲ್ಲಿ ಅವನು ಒಂದು ಗುಂಡಿ ಒತ್ತುತ್ತಾನೆ, ಎಲ್ಲರಿಗೂ ಒಂದೇ ಕ್ಷಣಕ್ಕೆ ಸಂಕೇತ ಹೋಗುತ್ತದೆ, ಎಲ್ಲರೂ ಬಂದಿಳಿಯುತ್ತಾರೆ. ಯುದ್ಧವೇನೋ ಸೊಗಸಾಗಿದೆ. ಮೊದಲ ಕಾವಲುಗಾರ್ತಿ ಮಾತ್ರ ಬರುವುದಿಲ್ಲ. ಅವಳ ಕುರ್ಚಿ ಕೊನೆಯವರೆಗೂ ಖಾಲಿ ಇರುತ್ತದೆ.

ಜಯನಗರದ ವಿಡಿಯೊ ಲೈಬ್ರರಿಯಿಂದ ಕ್ಯಾಸೆಟ್ ತಂದು ನೋಡುತ್ತಿದ್ದ ಕಾಲದಿಂದ ನಾನು ಇಪ್ಪತ್ತರ ಕಡೆ, ಅಣ್ಣ ಮೂವತ್ತರ ಕಡೆ. ನನ್ನದು ಮುದುಕಿಯರ ಕಥೆ ಎಂದು ಅವನು ರೇಗಿಸುತ್ತಿದ್ದ. ನಿನಗೆ ಪಟಾಕಿ ಹೊಡೆದರೆ ಸಾಕು ಎಂದು ನಾನು ಅನ್ನುತ್ತಿದ್ದೆ. ಹಬ್ಬದ ಊಟದ ಮಧ್ಯೆ ಈ ಜಗಳ ಶುರುವಾದರೆ ಅತ್ತಿಗೆ, ಅಣ್ಣನ ಹೆಂಡತಿ, ಹುಳಿಯ ಪಾತ್ರೆ ಹಿಡಿದುಕೊಂಡೇ ಅಡುಗೆಮನೆಗೆ ವಾಪಸ್ ಹೋಗಿಬಿಡುತ್ತಿದ್ದರು. ನಿಮ್ಮ ಯುದ್ಧ ಮುಗಿದ ಮೇಲೆ ಬಡಿಸ್ತೀನಿ ಎನ್ನುತ್ತಿದ್ದರು.

ಅತ್ತಿಗೆ ತೀರಿಕೊಂಡ ಮರುವರ್ಷ ಅವರ ಮಗನ ಮದುವೆ ಗೊತ್ತಾಯಿತು. ನಾನು ಆ ಹುಡುಗನ ಒಬ್ಬಳೇ ಸೋದರತ್ತೆ. ನಮ್ಮಲ್ಲಿ ಮದುವೆಗೆ ಕರೆಯುವುದೆಂದರೆ ಗಂಡ ಹೆಂಡತಿ ಮನೆಗೆ ಬಂದು, ಹೆಂಗಸು ಕುಂಕುಮ ಕೊಟ್ಟು, ಅಕ್ಷತೆ ಹಾಕಿದ ಪತ್ರಿಕೆ ಕೈಗಿಟ್ಟು ಕರೆಯಬೇಕು. ನನಗೆ ಬಂದದ್ದು ಮೆಸೇಜು. ಅದೂ ಸಂಬಂಧಿಕರ ಗ್ರೂಪಿಗೆ ಎಲ್ಲರ ಜೊತೆ ಒಟ್ಟಿಗೆ, ನಾದಸ್ವರದ ಹಿನ್ನೆಲೆಯಲ್ಲಿ ಹೂವು ಉದುರುವ ವಿಡಿಯೊ. ಚಿಕ್ಕಲಸಂದ್ರದ ನಮ್ಮ ಮನೆಗೂ ಅವನ ಜಯನಗರದ ಮನೆಗೂ ಎಷ್ಟು ದೂರವಿದೆ ಮಹಾ. ನಾನು ಕಾದೆ. ಸಂಜೆ ಗೇಟಿನ ಸದ್ದಾದರೆ ಸೀರೆ ಸರಿ ಮಾಡಿಕೊಂಡು ಎದ್ದು ನೋಡುತ್ತಿದ್ದೆ. ಯಾರೂ ಬರಲಿಲ್ಲ.

"ಮೆಸೇಜ್ ಬಂದಿದೆಯಲ್ಲೇ, ಅದೇ ಕರೆದ ಹಾಗೆ," ಅಂದರು ನಮ್ಮ ಯಜಮಾನರು.

"ಅದು ನಿಮ್ಮ ಆಫೀಸ್ ಮೀಟಿಂಗಿಗೆ ಸರಿ ರೀ. ನಂಗಲ್ಲ," ಅಂದೆ.

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಅದು ಊರಿಗೇ ಗೊತ್ತು. ಮದುವೆಗೆ ಯಜಮಾನರೂ ಮಗಳೂ ಹೋದರು, ನಾನು ಹೋಗಲಿಲ್ಲ. ಗ್ರೂಪಿನಿಂದಲೂ ಹೊರಬಂದೆ. ಹುಡುಗನಿಗೆ ಆರತಿ ಎತ್ತುವ ಹೊತ್ತಿಗೆ ಪುರೋಹಿತರು ಅತ್ತೆ ಎಲ್ಲಿ ಎಂದು ಕೇಳಿದರಂತೆ. ಅಣ್ಣ ಮಂಟಪದಿಂದ ಇಳಿದು ಹೋದನಂತೆ. ಆಮೇಲೆ ಅವನೂ ಫೋನ್ ಮಾಡಲಿಲ್ಲ, ನಾನೂ ಮಾಡಲಿಲ್ಲ. ಕರೆಯದವನು ಅವನು, ಅವನೇ ಮಾಡಲಿ ಎಂದು ಹಟ ಹಿಡಿದು ಕೂತೆ. ಆದರೆ ಒಂದು ಮಾತು ಹೇಳುತ್ತೇನೆ. ನಮ್ಮ ಅಪ್ಪ ಅಮ್ಮ ಇಬ್ಬರೂ ಇಲ್ಲ. ನನ್ನನ್ನು ಚಿಕ್ಕ ಹುಡುಗಿಯಾಗಿ ಕಂಡವರು ಈ ಭೂಮಿಯ ಮೇಲೆ ಅವನೊಬ್ಬನೇ. ಅವನನ್ನು ಕಳೆದುಕೊಂಡುಬಿಟ್ಟೆ ಎಂದು ನನಗೆ ದಿನವೂ ಭಯವಾಗುತ್ತಿತ್ತು.

ಪೋಸ್ಟರ್ ನೋಡಿದ ಮೇಲೆ, ಮೈ ಸರಿಯಿಲ್ಲ ಬರುವುದಿಲ್ಲ ಎಂದು ಆ ಹುಡುಗಿಗೆ ಬರೆದು ಅಳಿಸಿದೆ. ಪೋಸ್ಟರ್ ಅವನಿಗೂ ಹೋಗಿರುತ್ತದೆ. ಅವನು ಹಿಂದೆ ಸರಿದಿಲ್ಲ, ನಾನು ಯಾಕೆ ಸರಿಯಲಿ? ಭಾನುವಾರ ಆಟೋದಲ್ಲಿ ಹೋಗುವಾಗ ಸಾರಕ್ಕಿ ಸಿಗ್ನಲ್ಲಿನಲ್ಲಿ ಇಳಿದು ವಾಪಸ್ ಹೋಗಿಬಿಡೋಣ ಅನ್ನಿಸಿತು.

ಮಹಡಿಯ ಕೋಣೆ ತುಂಬಿತ್ತು, ಹೆಚ್ಚಿನವರು ನನ್ನ ಮಗಳ ವಯಸ್ಸಿನವರು. ಅಣ್ಣ ಆಗಲೇ ಬಂದು ಕೂತಿದ್ದ. ಸೊರಗಿಹೋಗಿದ್ದ. ಶರ್ಟಿನ ಕಾಲರು ಮುದುಡಿತ್ತು, ಕತ್ತಿನ ಸುತ್ತ ಸಡಿಲವಾಗಿತ್ತು. ಇಸ್ತ್ರಿಯಿಲ್ಲದೆ ಗೇಟು ದಾಟುವವನಲ್ಲ ಅವನು. ನನ್ನನ್ನು ನೋಡಿದ, ತಲೆ ಅಲ್ಲಾಡಿಸಿದ, ಮೈಕಿನ ವೈರು ನೋಡುತ್ತಾ ಕೂತ. ನಮ್ಮಿಬ್ಬರ ಮಧ್ಯೆ ಒಂದು ಸ್ಟೂಲು, ಅದರ ಮೇಲೆ ಎರಡು ಲೋಟ ನೀರು.

"ಸಾರ್, ನೀವು ಶುರು ಮಾಡಿ," ಅಂದಳು ಹುಡುಗಿ.

ಅವನು ಚೆನ್ನಾಗಿಯೇ ಶುರು ಮಾಡಿದ. ಮೂವತ್ತರ ಕಥೆಯ ಓಟ, ಹಳಬರೆಲ್ಲ ಒಟ್ಟಿಗೆ ಇಳಿಯುವ ದೃಶ್ಯ, ಎಲ್ಲರಿಗೂ ಸಿಕ್ಕುವ ಒಂದೊಂದು ಒಳ್ಳೆಯ ಮಾತು. ಇಪ್ಪತ್ತರ ಕಥೆಯಲ್ಲಿ ಹಳಬರು ಬಂದು ಸೇರುವ ಹೊತ್ತಿಗೆ ನೋಡುವವನಿಗೆ ಆಕಳಿಕೆ ಬಂದಿರುತ್ತದೆ ಎಂದ. ಎಲ್ಲರೂ ನಕ್ಕರು. ಇದೆಲ್ಲ ನಾನು ನೂರು ಸಲ ಕೇಳಿದ ಮಾತು. "ಮೇಡಂ ಇದನ್ನ ಒಪ್ಪಲ್ಲ ಅಂತ ಗೊತ್ತು," ಎಂದು ಮುಗಿಸಿದ. ಹುಟ್ಟಿದಾಗಿನಿಂದ ಅವನು ನನ್ನನ್ನು ಮೇಡಂ ಅಂದದ್ದಿಲ್ಲ. ನನಗೆ ಮೈ ಉರಿಯಿತು.

ತಯಾರಿ ಮಾಡಿಕೊಂಡು ಬಂದದ್ದೆಲ್ಲ ಮರೆತುಹೋಯಿತು.

"ಸಾರ್, ನಿಮ್ಮ ಕಥೇಲಿ ಹಳಬರನ್ನ ಯಾರೂ ಕರೆಯೋದೇ ಇಲ್ಲ," ಅಂದೆ. "ಒಬ್ಬರನ್ನ ಕರೆಯೋದು ಅಂದ್ರೆ ಅವರ ಮನೆ ಬಾಗಿಲಿಗೆ ಹೋಗಬೇಕು. ಕೂತು, ನೀವು ಬರಲೇಬೇಕು ಅಂತ ಹೇಳಬೇಕು. ಗುಂಡಿ ಒತ್ತಿ ಎಲ್ಲರಿಗೂ ಒಂದೇ ಸಲ ಕಳಿಸಿದ್ರೆ ಅದು ಕರೆಯೋದಲ್ಲ, ಅನೌನ್ಸ್‌ಮೆಂಟು. ಬಸ್ ಸ್ಟ್ಯಾಂಡಲ್ಲಿ ಮಾಡ್ತಾರೆ."

ಹುಡುಗರು ಚಪ್ಪಾಳೆ ತಟ್ಟಿದರು. ಹಿಂದಿನಿಂದ ಯಾರೋ "ಸಖತ್ ಆಂಟಿ" ಎಂದರು. ನಾನು ಅಲ್ಲಿಗೇ ನಿಲ್ಲಿಸಬಹುದಿತ್ತು.

"ಆ ನಿಲ್ದಾಣ ಕಟ್ಟಿದವಳಿಗೂ ಅದೇ ಸಂಕೇತ, ನಿನ್ನೆ ಮೊನ್ನೆ ಬಂದವರಿಗೂ ಅದೇ ಸಂಕೇತ. ಅವಳು ಬರಲಿಲ್ಲ ಅಂತ ಎಲ್ಲರೂ ಖಾಲಿ ಕುರ್ಚಿ ನೋಡಿ ಮುಖ ಸಪ್ಪಗೆ ಮಾಡ್ಕೋತಾರೆ. ಯಾಕೆ ಬರಬೇಕು ಸಾರ್ ಅವಳು? ಮರ್ಯಾದೆ ಇರೋರು ಹಾಗೆ ಬರ್ತಾರಾ?"

ಮತ್ತೆ ಚಪ್ಪಾಳೆ. ಅಣ್ಣ ನೀರಿನ ಲೋಟ ತೆಗೆದುಕೊಂಡ, ಕುಡಿಯಲಿಲ್ಲ, ಹಾಗೇ ಇಟ್ಟ. ಹುಡುಗಿ ಅವನ ಕಡೆ ನೋಡಿದಳು. ಅವನು ಮೈಕು ಹತ್ತಿರ ಎಳೆದುಕೊಂಡ.

"ಮೇಡಂ, ಇಪ್ಪತ್ತರ ಕಥೇಲಿ ಆ ಕಾವಲುಗಾರನ ಜೊತೆ ಇನ್ನೊಬ್ಬರು ಇರ್ತಾರೆ. ನೌಕೆ ಓಡಿಸೋಳು. ನಿಮಗೆ ನೆನಪಿದೆಯಾ?"

"ಇದೆ," ಅಂದೆ. ಕಂದು ಕೋಟಿನ ಹೆಂಗಸು, ಹೆಚ್ಚು ಮಾತಿಲ್ಲದ ಪಾತ್ರ ಎಂದು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

"ಪ್ರತಿ ಮನೆಯಲ್ಲೂ ಬಾಗಿಲು ತಟ್ಟೋದು ಅವಳು. ಮೊದಲು ಒಳಗೆ ಹೋಗೋದು ಅವಳು. ಹೇಗಿದ್ದೀರಿ ಅಂತ ಕೇಳೋದೂ ಅವಳೇ. ಇವನು ಹಿಂದೆ ನಿಂತಿರ್ತಾನೆ, ಅಷ್ಟೆ. ಮೂವತ್ತರ ಕಥೇಲಿ ಅವಳು ಇಲ್ಲ. ಸತ್ತು ಹೋಗಿದ್ದಾಳೆ ಅಂತ ಒಂದೇ ಮಾತಲ್ಲಿ ಹೇಳಿ ಮುಂದೆ ಹೋಗಿಬಿಡ್ತಾರೆ. ಒಬ್ಬನೇ ಹೋಗಿ ಆ ಬಾಗಿಲುಗಳ ಮುಂದೆ ಹೇಗೆ ನಿಂತ್ಕೋತಾನೆ? ಅದಕ್ಕೇ ಗುಂಡಿ ಒತ್ತಿದ."

ಇಷ್ಟು ವರ್ಷ ಎರಡು ಕಥೆಗಳನ್ನೂ ಅಂಗುಲ ಅಂಗುಲ ಹೋಲಿಸಿದವಳು ನಾನು. ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಆದರೆ ನನ್ನ ಬಾಯಿ ಸುಮ್ಮನಿರುವ ಜಾತಿಯಲ್ಲ.

"ಮಿಕ್ಕವರದು ಹೋಗಲಿ. ಮೊದಲನೆಯವಳ ಮನೆಗಾದ್ರೂ ಹೋಗಬಹುದಿತ್ತಲ್ಲ," ಅಂದೆ.

"ಅವಳನ್ನ ಕರೀಬೇಕಾಗಿತ್ತಾ? ಅದು ಅವಳದೇ ಮನೆ. ಮನೆಯವರನ್ನ ಯಾರು ಕರೀತಾರೆ? ಅವಳೇ ಬಂದು, ನಡಿ, ಯಾರ್ಯಾರ ಮನೆಗೆ ಹೋಗಬೇಕು ಹೇಳು, ನಾನು ಬರ್ತೀನಿ ಅಂತಾಳೆ ಅಂತ ಅವನು ಕಾಯ್ತಾ ಇದ್ದ. ತುಂಬ ದಿನ ಕಾದ. ಆಮೇಲೇ ಗುಂಡಿ ಒತ್ತಿದ್ದು."

ಮೂರನೇ ಸಾಲಿನಲ್ಲಿದ್ದ ಕನ್ನಡಕದ ಯುವಕನೊಬ್ಬ ಕೈ ಎತ್ತಿದ. "ಸಾರ್, ಸಾರಿ. ಕಾಯ್ತಾ ಇದ್ದ ಅನ್ನೋದು ಎಪಿಸೋಡಲ್ಲಿ ಎಲ್ಲೂ ಬರಲ್ವಲ್ಲ?"

"ಬರಲ್ಲಪ್ಪ," ಅಂದ ಅಣ್ಣ. "ತೋರಿಸಿಲ್ಲ."

"ಹಾಗಿದ್ರೆ ಬಾಯಿ ಬಿಟ್ಟು ಕೇಳಬೇಕಿತ್ತು," ಅಂದೆ. ನನ್ನ ದನಿ ನಡುಗಿದ್ದು ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು. "ಮನಸ್ಸಲ್ಲಿ ಇಟ್ಕೊಂಡಿದ್ರೆ ಅವಳಿಗೆ ಹೇಗೆ ಗೊತ್ತಾಗಬೇಕು?"

"ನಿನಗೂ ಹೇಳಬೇಕಾಗಿತ್ತೇನೇ?" ಅಂದ ಅವನು.

ಹುಡುಗಿ ನನ್ನ ಮುಖ, ಅವನ ಮುಖ ನೋಡಿದಳು. ಅವಳಿಗೆ ಆಗ ಹೊಳೆದಿರಬೇಕು, ನಮ್ಮಿಬ್ಬರ ಮೂಗು ಒಂದೇ. ಪಾಪ, ಗಡಿಬಿಡಿಯಲ್ಲಿ ಎದ್ದು, ಈಗ ಓಟಿಂಗ್ ಮಾಡೋಣ ಎಂದಳು. ಕೈ ಎತ್ತಿಸಿದಳು. ಇಪ್ಪತ್ತರ ಕಥೆಗೆ ಹೆಚ್ಚು ಕೈಗಳು ಬಂದವು. ಗೆದ್ದದ್ದು ನಾನು. ಅಷ್ಟು ಕಹಿಯಾದ ಗೆಲುವು ನನಗೆ ಇನ್ನೊಂದು ನೆನಪಿಲ್ಲ.

ಕೈಗಳನ್ನು ಎಣಿಸುತ್ತಿದ್ದಾಗ ನನಗೆ ನೆನಪಾದದ್ದೇ ಬೇರೆ. ನಮ್ಮ ಬೀದಿಯ ಕೊನೆ ಮನೆಯವರ ಹೆಂಡತಿ ತೀರಿಕೊಂಡಿದ್ದರು. ಅವರ ಮಗಳ ಮದುವೆಗೆ ಕರೆಯಲು ಹೆಂಗಸರಿಲ್ಲವೆಂದು ನಾನೇ ಹಳದಿ ಸೀರೆ ಉಟ್ಟು, ಕುಂಕುಮದ ಬಟ್ಟಲು ಹಿಡಿದು, ಅವರ ಜೊತೆ ಪದ್ಮನಾಭನಗರವೆಲ್ಲ ಸುತ್ತಿದ್ದೆ. ಅವರು ಕೇಳಿರಲಿಲ್ಲ. ನಾನೇ ಹೋಗಿ, ನಾನು ಬರ್ತೀನಿ ನಡೀರಿ ಎಂದಿದ್ದೆ. ಯಾರೋ ಮೂರನೆಯವರಿಗಾಗಿ ನನಗೆ ತೋಚಿದ್ದು ನನ್ನ ಅಣ್ಣನಿಗಾಗಿ ತೋಚಲಿಲ್ಲ. ಅವನ ಮನೆಯಲ್ಲಿ ಇನ್ನೂ ಅತ್ತಿಗೆಯೇ ಎಲ್ಲ ನೋಡಿಕೊಳ್ಳುತ್ತಿದ್ದಾರೆ ಎಂಬ ಹಾಗೆ ಇದ್ದುಬಿಟ್ಟಿದ್ದೆ.

ಅಷ್ಟರಲ್ಲಿ ಅವನು ಮೆಟ್ಟಿಲಿಳಿಯುತ್ತಿದ್ದ. ಕಂಬಿ ಹಿಡಿದು ಒಂದೊಂದೇ ಕಾಲಿಡುತ್ತಿದ್ದ. ಯಾರೋ ನನ್ನ ಕೈಗೆ ಕಾಫಿ ಕೊಡಲು ಬಂದರು, ಬೇಡ ಎಂದು ಅವನ ಹಿಂದೆ ಓಡಿದೆ. ಕೆಳಗೆ ಫುಟ್‌ಪಾತಿನ ಮೇಲೆ ನಿಂತು ಫೋನಿನಲ್ಲಿ ಆಟೋ ಹುಡುಕುತ್ತಿದ್ದ.

ಕ್ಷಮಿಸು ಎಂಬ ಮಾತು ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಹೇಳಿದವರಲ್ಲ. "ಸೊಸೆ ಹೇಗಿದ್ದಾಳೆ?" ಅಂದೆ. ಆ ಹುಡುಗಿಯ ಮುಖವನ್ನೇ ನಾನು ನೋಡಿರಲಿಲ್ಲ.

"ಏಳನೇ ತಿಂಗಳು," ಅಂದ, ಫೋನಿನಿಂದ ತಲೆ ಎತ್ತದೆ.

ನನಗೆ ಗೊತ್ತಿರಲಿಲ್ಲ. ಯಜಮಾನರಿಗೆ ಗೊತ್ತಿದ್ದಿರಬೇಕು, ನನ್ನ ಬಾಯಿಗೆ ಹೆದರಿ ಹೇಳಿರಲಿಲ್ಲ. ಎಲ್ಲರಿಗೂ ಗೊತ್ತಿದ್ದ ಸುದ್ದಿ ನನಗೆ ರಸ್ತೆಯಲ್ಲಿ ನಿಂತು ತಿಳಿಯಿತು. ಅಳು ಬಂತು, ಅತ್ತುಬಿಟ್ಟೆ. ಅವನು ನೋಡಿಯೂ ನೋಡದ ಹಾಗೆ ನಿಂತಿದ್ದ.

"ಸೀಮಂತ ಯಾವಾಗ?"

"ಬರೋ ವಾರ ಬಿಟ್ಟು ಅದರ ಮುಂದಿನ ಶುಕ್ರವಾರ."

"ಯಾರ್ಯಾರನ್ನ ಕರೆದೆ?"

"ಯಾರನ್ನೂ ಇಲ್ಲ ಇನ್ನೂ."

"ಮತ್ತೆ ಮೆಸೇಜ್ ಗಿಸೇಜ್ ಕಳಿಸಿದ್ರೆ ನೋಡು," ಅಂದೆ. "ನಾಳೆ ರಜೆ ಹಾಕ್ತೀನಿ. ಬೆಳಿಗ್ಗೆ ಬರ್ತೀನಿ. ಮೊದಲು ಯಾರ ಮನೆಗೆ ಹೋಗಬೇಕು ಹೇಳು."

ಅವನು ಫೋನು ಜೇಬಿಗಿಟ್ಟ.

"ತಲಘಟ್ಟಪುರಕ್ಕೆ," ಅಂದ.

ಅದು ಅತ್ತಿಗೆಯ ತೌರುಮನೆ. ಅವರ ತಾಯಿ ಇನ್ನೂ ಇದ್ದಾರೆ.

"ಅವಳ ತಿಥಿ ಕೆಲಸ ಎಲ್ಲ ಮುಗಿದ ಮೇಲೆ ಒಂದೇ ಒಂದು ಸಲ ಹೋಗಿದ್ದೆ ಕಣೇ," ಅಂದ. "ಅತ್ತೆ ಬಾಗಿಲು ತೆಗೆದ್ರು. ನನ್ನ ಮುಖ ನೋಡಲಿಲ್ಲ, ನನ್ನ ಹಿಂದೆ ನೋಡಿದ್ರು. ಆಮೇಲೆ ನಂಗೆ ಹೋಗೋಕೇ ಆಗಿಲ್ಲ. ಮದುವೆಗೂ ಹೋಗಿ ಕರೆಯಲಿಲ್ಲ."

"ನಾಳೆ ನೀನು ಹಿಂದೆ ನಿಂತ್ಕೋ," ಅಂದೆ. "ಬಾಗಿಲು ನಾನು ತಟ್ತೀನಿ."