ತಗಡಿನ ಕೆಳಗಿನ ಸಂದಿ

ಖತೀಜಾ, ನಮ್ಮ ಮನೆಯ ಪಕ್ಕದಲ್ಲಿ ನಿನ್ನ ಬಾಗಿಲಿಗೆ ಹೋಗುವ ದಾರಿ ಇತ್ತು. ಇರಲಿಲ್ಲ ಎಂದು ನಾನು ಎರಡು ಸಲ ಸುಳ್ಳು ಹೇಳಿದೆ — ಒಮ್ಮೆ ಓಣಿಯ ಹಿರಿಯರ ಮುಂದೆ, ಇಪ್ಪತ್ತಾರು ವರ್ಷಗಳ ಮೇಲೆ ಮತ್ತೊಮ್ಮೆ ನನ್ನ ಮೊಮ್ಮಗಳ ಮುಂದೆ. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವಳು ನಾನು. ಅಕ್ಷರ ಓರೆಕೋರೆಯಾಗಿದ್ದರೂ ಓದಿಸಿಕೋ. ಇದನ್ನು ಬೇರೆಯವರ ಕೈಯಿಂದ ಬರೆಸಲು ಮನಸ್ಸಾಗಲಿಲ್ಲ.

ನನ್ನ ಮೊಮ್ಮಗಳು ಸುಮಾ ನಕ್ಷೆ ಮಾಡುವ ಕೆಲಸಕ್ಕೆ ಸೇರಿದ್ದಾಳೆ. ಜೋರಾಪುರ ಪೇಟೆಯಲ್ಲಿ ಈ ಸುದ್ದಿಯನ್ನು ನಾನು ಯಾರಿಗೆ ತಾನೆ ಹೇಳಿಲ್ಲ! ಆಕಾಶದಿಂದ ತೆಗೆದ ಊರಿನ ಚಿತ್ರವನ್ನು ಕಂಪ್ಯೂಟರಿನಲ್ಲಿ ಇಟ್ಟುಕೊಂಡು, ಮನೆಗಳನ್ನು ಒಂದು ಪದರದಲ್ಲಿ, ದಾರಿಗಳನ್ನು ಇನ್ನೊಂದು ಪದರದಲ್ಲಿ ಗೀರುತ್ತಾಳೆ. ಮೇಲಿನಿಂದ ಬರೀ ಮಾಳಿಗೆ, ತಗಡು. ಯಾವ ಸಂದಿ ಎಲ್ಲಿ ನುಗ್ಗುತ್ತದೆ ಎಂದು ತಿಳಿಯುವುದಿಲ್ಲವಂತೆ. ಅದಕ್ಕೇ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡಳು.

"ಇವತ್ತ ನೀನ ನನ್ನ ಸಾಹೇಬ, ಆಯಿ. ಹೇಳ ಬೇ!"

ನನ್ನ ಹಿಗ್ಗು ಏನು ಹೇಳಲಿ! ಗಿರಣಿಯ ಹಿಂದಿನದು, ಬಾವಿಗೆ ಇಳಿಯುವುದು — ನಾನು ಹೇಳುತ್ತ ಹೋದೆ, ಅವಳು ಗೀರುತ್ತ ಹೋದಳು. ನನಗೂ ಏನೋ ಬರುತ್ತದೆ ಎಂದು ಜೀವಮಾನದಲ್ಲಿ ಮೊದಲ ಸಲ ಅನಿಸಿತು.

ಆಮೇಲೆ ಅವಳು ಮನೆಗಳ ಪದರವನ್ನು ಮರೆಮಾಡಿದಳು. ಮನೆಗಳೆಲ್ಲ ಮಾಯವಾಗಿ ದಾರಿಗಳಷ್ಟೇ ಉಳಿದವು. ಎಲ್ಲವೂ ಒಂದಕ್ಕೊಂದು ಕೂಡಿದ್ದವು, ನಿನ್ನ ಮನೆಯ ಜಾಗಕ್ಕೆ ಮಾತ್ರ ಒಂದೂ ಮುಟ್ಟಿರಲಿಲ್ಲ.

"ಖತೀಜಾ ಆಯಿ ಮನಿಗೆ ದಾರಿನ ಇಲ್ಲಲ್ಲ! ಅದಕ್ಕ ಅವರು ಮಂದಿ ಕೊಟ್ಟಿಗಿ ಹಾಯ್ದು ಬರ್ತಾರೇನು? ನಮ್ಮ ತಗಡಿನ ಕೆಳಗ ಮೊದಲ ಸಂದಿ ಇತ್ತೇನು?"

"ಇಲ್ಲವಾ. ಅಲ್ಲಿ ಎಂದೂ ದಾರಿ ಇದ್ದಿಲ್ಲ."

ನಂಬಿದಳು. ಸಂದಿಯನ್ನೂ ನಮ್ಮ ಮನೆಯನ್ನೂ ಸೇರಿಸಿ ಒಂದೇ ಕಟ್ಟಡವೆಂದು ಗೀರಿಬಿಟ್ಟಳು.

ಅವಳಪ್ಪನ ಮದುವೆ ನಿನಗೆ ಮರೆತಿರಲಿಕ್ಕಿಲ್ಲ. ಅಡುಗೆಗೆ ಜಾಗ ಸಾಲದೆಂದು ನಿನ್ನ ಬಾಗಿಲಿಗೆ ಬಂದಿದ್ದೆ. "ನಾಕ ದಿನ ಅಷ್ಟ ಬೇ ಖತೀಜಾ, ಸಂದ್ಯಾಗ ತಗಡ ಹಾಕಿ ಒಲಿ ಹೂಡ್ತೀವಿ."

"ನಿನ್ನ ಮಗನ ಮದಿವಿ ಅಂದ್ರ ನಂದೂ ಅಲ್ಲೇನು? ಕೇಳಾಕ ಬಂದೀಯಲ್ಲ ಶಾಂತಾ, ಹುಚ್ಚಿ!" ಎಂದೆ ನೀನು. ಎರಡು ದಿನ ಅದೇ ತಗಡಿನ ಕೆಳಗೆ ಕುಳಿತು ಜೋಳದ ರೊಟ್ಟಿ ಬಡಿದೆ.

ಮದುವೆ ಮುಗಿಯಿತು, ತಗಡು ಇಳಿಯಲಿಲ್ಲ. ಮಳೆಗಾಲ ಹೋಗಲಿ ಎಂದೆವು, ದೀಪಾವಳಿ ಹೋಗಲಿ ಎಂದೆವು — ನಮ್ಮವರು ಎರಡೂ ತುದಿಗೆ ಗೋಡೆ ಎಬ್ಬಿಸಿದರು. ನೀನು ಹಿರಿಯರನ್ನು ಕರೆಸಿದಾಗ ಅವರು ಕೇಳಿದ್ದು ನನ್ನನ್ನೇ. ಹೆಣ್ಣುಮಗಳು ಸುಳ್ಳಾಡಲಿಕ್ಕಿಲ್ಲ ಎಂದುಕೊಂಡರೇನೋ. ಸೆರಗು ಹೊತ್ತು ನಿಂತು, "ಆ ಜಾಗಾ ನಮ್ಮದ. ದಾರಿ ಇದ್ದಿಲ್ಲ" ಎಂದೆ. ನೀನು ನನ್ನ ಮುಖವನ್ನೇ ನೋಡಿದೆ. ಅಂದಿನಿಂದ ಇಂದಿನವರೆಗೂ ನನ್ನ ಜೊತೆ ಮಾತಾಡಿಲ್ಲ. ನಿನ್ನ ಯಜಮಾನರು ತೀರಿಕೊಂಡಾಗ ಜನಾಜಾವನ್ನು ಸಹ ಆ ಕೊಟ್ಟಿಗೆಯೊಳಗಿಂದ, ದನಗಳನ್ನು ಹೊರಗೆ ಕಟ್ಟಿ, ಓರೆ ಮಾಡಿ — ನಾನು ಕಿಟಕಿಯಲ್ಲಿ ನಿಂತಿದ್ದೆ, ಖತೀಜಾ. ಕದ ತೆರೆದು ಹೊರಗೆ ಬರಲಿಲ್ಲ.

ನಕ್ಷೆ ಹಾಗೆಯೇ ಕಚೇರಿಗೆ ಹೋಗಿದ್ದರೆ ಆ ಸಂದಿ ಕಾಗದದಲ್ಲೂ ನಮ್ಮದಾಗುತ್ತಿತ್ತು. ಮುಂದೆ ನಿನ್ನ ಮೊಮ್ಮಕ್ಕಳು ಕೇಳಲೂ ಆಗುತ್ತಿರಲಿಲ್ಲ. ಮರುದಿನ ಮುಂಜಾನೆ ಸುಮಾಳಿಗೆ ಎಲ್ಲ ಹೇಳಿದೆ. ತೀರಿಹೋದ ಗಂಡನ ತಲೆಗೆ ಕಟ್ಟಲಿಲ್ಲ. ಸುಳ್ಳು ಆಡಿದ ಬಾಯಿ ನನ್ನದು.

"ಅವರು ರೊಟ್ಟಿ ಬಡದಿದ್ರಾ ಅಲ್ಲಿ?" ಎಂದಷ್ಟೇ ಕೇಳಿದಳು. ಕಟ್ಟಡವನ್ನು ಕತ್ತರಿಸಿ, ದಾರಿಯ ಪದರದಲ್ಲಿ ನಿನ್ನ ಬಾಗಿಲವರೆಗೆ ಗೆರೆ ಎಳೆದಳು. ಮುಂದಿನ ಓಣಿಯ ದಾರಿಗಳ ಬಗ್ಗೆ ನನ್ನನ್ನು ಕೇಳಲಿಲ್ಲ. ಗಿರಣಿಯ ಅಜ್ಜನನ್ನು ಕೇಳಿ ಬರುತ್ತೇನೆ ಎಂದು ಎದ್ದು ಹೋದಳು. ಅವಳದೇನೂ ತಪ್ಪಿಲ್ಲ.

ಸೋಮವಾರ ಗೋಡೆ ಒಡೆಸುತ್ತೇನೆ. ಮಗ ಒಪ್ಪಿದ್ದಾನೆ, ಒಪ್ಪದಿದ್ದರೂ ಒಡೆಸುತ್ತಿದ್ದೆ. ಆ ಹಿರಿಯರಲ್ಲಿ ಉಳಿದಿರುವ ಇಬ್ಬರನ್ನು ಬರಹೇಳಿದ್ದೇನೆ. ಅವರ ಎದುರಿಗೆ, ಓಣಿಯವರೆಲ್ಲ ಕೇಳುವಂತೆ, ದಾರಿ ಇತ್ತು, ನಾನು ಸುಳ್ಳು ಹೇಳಿದ್ದೆ ಎನ್ನುತ್ತೇನೆ. ನೀನು ಬರಬೇಕೆಂದು ಕೇಳುತ್ತಿಲ್ಲ. ನಿನ್ನ ಮನೆಯೊಳಗೆ ಕುಳಿತರೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳುತ್ತೇನೆ.